ನಾಲ್ಕು ತಾಸಿನ ಕರಾಚಿ

ವಿಮಾನವನ್ನು ಆಕಾಶದಲ್ಲಿ ಹದ್ದಿನ ಗಾತ್ರಕ್ಕಿಂತ ದೊಡ್ಡದಾಗಿ ಎಂದೂ ನೋಡದ ನಾನು, ವಿಮಾನದ ವೇಳೆಯ ಲೆಕ್ಕ ಹೇಳಿದೆ. ನನ್ನ ಬದುಕಿನ ಮೂರ್ಖತನಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅದು ಪೇಟ ಸುತ್ತಿಕೊಂಡು ಎಲ್ಲಕ್ಕೂ ಮುಂದೆ ನಿಲ್ಲುತ್ತದೆ. ನನ್ನಂಥವನ ಕೈಗೆ ನಕಾಶೆ ಸಿಗಬಾರದು.

ಆಗ ನಾನು ಮಾನ್ವಿಯಿಂದ ಬಂದು ದೇವದುರ್ಗದ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದೆ. ಊಟ, ನಿದ್ದೆ ಎಲ್ಲ ಅವರ ಪಡಸಾಲೆಯಲ್ಲೇ. ಕೆಲಸ ಮಾತ್ರ ಎಲ್ಲಿ ಮಾಡುತ್ತಿದ್ದೆನೋ ವಕೀಲರಿಗೂ ತಿಳಿದಿರಲಿಲ್ಲ. ಒಂದು ಮುಂಜಾನೆ ಕರಾಚಿಯಿಂದ ತಂತಿ ಬಂತು. ಅಲ್ಲಿ ನೌಕರಿಗಿದ್ದ ವಕೀಲರ ತಮ್ಮನಿಗೆ ವಿಷಮಜ್ವರ. ಜೀವಂತ ನೋಡಬೇಕಿದ್ದರೆ ಕೂಡಲೇ ಹೊರಡಿ. ವಕೀಲರು ತಾಯಿಗೆ "ಸಣ್ಣ ಜ್ವರ" ಎಂದಷ್ಟೇ ಹೇಳಿ, ಬೆಳಗಿನ ಮೋಟಾರಿಗೇ ಹೋಗಲು ಚೀಲ ತುಂಬತೊಡಗಿದರು. ರಾಯಚೂರಿನಿಂದ ಸಂಜೆಯ ರೈಲಿಗೆ ಮುಂಬಯಿ, ಅಲ್ಲಿಂದ ವಿಮಾನ.

"ತಡಿಯೋ, ಅವಗ ಶೇಂಗಾ ಹೋಳಗಿ ಮಾಡಿ ಕೊಡ್ತೀನಿ," ಎಂದರು ನಾನು ಅಜ್ಜಿ ಎನ್ನುತ್ತಿದ್ದ ಆ ತಾಯಿ. "ಆದ್ರ ಅಷ್ಟ್ ದೂರ ಹೋಗೂದ್ರಾಗ ಕಲ್ಲಾಗ್ತಾವೇನೋ."

"ಹೋಳಗಿ ಬ್ಯಾಡವ್ವಾ, ವ್ಯಾಳೆ ಇಲ್ಲ."

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನಕಾಶೆ ಹರವಿ, ಅಜ್ಜಿಯ ಹೂಬುಟ್ಟಿಯ ದಾರವನ್ನು ಮುಂಬಯಿಯಿಂದ ಕರಾಚಿಗೆ ಎಳೆದು ಹಿಡಿದೆ. ನಡುವೆ ಬರೀ ನೀಲಿ.

"ಐದೂವರೆನೂರು ಮೈಲಿರೀ! ವಿಮಾನಕ್ಕ ನಾಕ ತಾಸಿನ ದಾರಿ. ಮಧ್ಯಾಹ್ನದ ಮೋಟಾರಿಗೆ ಹೋದ್ರೂ ರೈಲು ಸಿಗ್ತದ. ಅಜ್ಜಿ, ಹೋಳಗಿ ಮೆತ್ತಗ ಇರೂದ್ರಾಗ ಮುಟ್ತಾವ, ಮಾಡ್ರಿ!"

"ಖರೇನೇನೋ?" ಎಂದರು ವಕೀಲರು.

"ದಾರ ಸುಳ್ಳ ಹೇಳ್ತದೇನ್ರೀ?"

ಕೋರ್ಟಿನಲ್ಲಿ ಯಾವ ಸಾಕ್ಷಿಯನ್ನೂ ನಂಬದ ಮನುಷ್ಯ, ಅಂದು ಒಂದು ಗೇಣು ದಾರವನ್ನು ನಂಬಿದರು. ಅಜ್ಜಿ ಒಲೆಯ ಮುಂದೆ ಕೂತಾಗಿತ್ತು.

ಯುದ್ಧ ಮುಗಿದಿದ್ದರೂ ಪೆಟ್ರೋಲು ಸಿಗದ ಕಾಲ. ನಮ್ಮ ಮೋಟಾರು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿತ್ತು, ಅಂದರೆ ಓಡಿದಾಗ. ಗಬ್ಬೂರಿನ ಆಚೆ ಒಂದು ಏರಿನಲ್ಲಿ ಕೆಮ್ಮಿ ನಿಂತಿತು. ಎಲ್ಲರೂ ಇಳಿದು ತಳ್ಳಿದೆವು. ಬೀಳ್ಕೊಡಲು ಜೊತೆಗೆ ಹೋಗಿದ್ದ ನನ್ನ ಮುಖ ಮಸಿಯಾಯಿತು. ವಕೀಲರು ಒಂದು ಕಂಕುಳಲ್ಲಿ ಹೋಳಿಗೆಯ ಡಬ್ಬಿ ಹಿಡಿದು, ಇನ್ನೊಂದು ಕೈಯಿಂದ ತಳ್ಳುತ್ತಿದ್ದರು.

"ವಿಮಾನಕ್ಕ ಹಿಂಗ ತಳ್ಳೂದು ಇರಂಗಿಲ್ರೀ," ಎಂದೆ. ವಕೀಲರು ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಮತ್ತೆ ತಳ್ಳಿದರು.

ರಾಯಚೂರು ಸ್ಟೇಷನ್ನಿಗೆ ಓಡಿ ಹೋದಾಗ ರೈಲಿನ ಹಿಂದಿನ ಕೆಂಪು ದೀಪ ಮಾತ್ರ ಕಂಡಿತು. ಒಂದು ದಿನ ತಡವಾಗುತ್ತದೆಂದು ವಕೀಲರು ಅಲ್ಲಿಂದಲೇ ತಂತಿ ಕೊಟ್ಟರು. ಮರುದಿನ, ಮುಂದಿನ ರೈಲಿಗೆ ಮೊದಲೇ, ಸ್ಟೇಷನ್ನಿಗೇ ಉತ್ತರ ಬಂತು: ಇನ್ನು ಬರುವುದು ಬೇಡ, ಮತ್ತೊಂದು ದಿನ ಕಾಯಲಾಗದೆ ಸಂಸ್ಕಾರ ಮುಗಿಸಿದೆವು.

ಅದೇ ಮೋಟಾರಿನಲ್ಲಿ ಹಿಂದಿರುಗಿದೆವು. ಈ ಸಲ ಅದು ಎಲ್ಲಿಯೂ ನಿಲ್ಲಲಿಲ್ಲ. ವಕೀಲರು ನನಗೆ ಒಂದು ಮಾತೂ ಅನ್ನಲಿಲ್ಲ. ನಾಲ್ಕು ಬೈದಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಅಳು ತಗ್ಗಿದ ಮರುದಿನ ಅಜ್ಜಿ ನನ್ನನ್ನು ಕರೆದರು. ಮುಂದೆ ಅದೇ ಡಬ್ಬಿ. ಮುಚ್ಚಳ ತೆಗೆದು, ಒಂದು ಹೋಳಿಗೆಯನ್ನು ಬೆರಳಿನಿಂದ ಒತ್ತಿ ನೋಡಿದರು.

"ನೀ ಅಂದಿದ್ದು ಖರೇನ ಅದ ನೋಡಪಾ, ಇನ್ನೂ ಮೆತ್ತಗ ಅದಾವ. ಸೂತಕದಾಗ ನಾವ್ಯಾರೂ ಸಿಹಿ ಮುಟ್ಟಂಗಿಲ್ಲ. ನೀ ಹೊರಗಿನಾವ, ಕುಂತು ತಿನ್ನು."