ಎಡೆಯ ಮೇಲಿನ ಕೊಬ್ಬಿನ ತುಂಡು

ಎರಡು ತಿಂಗಳಿಂದ ಮಾದೇಶನ ಮನೆಯಲ್ಲಿ ಒಗ್ಗರಣೆಯ ಸದ್ದೇ ಇಲ್ಲ. ಬದನಗುಪ್ಪೆಯ ಕಾರ್ಖಾನೆಯಿಂದ ಹಸಿದು ತೆರಕಣಾಂಬಿಗೆ ಬಂದರೆ ತಟ್ಟೆಯಲ್ಲಿ ಮುದ್ದೆ, ಮುಖ ಕಾಣುವಷ್ಟು ತಿಳಿಯಾದ ಸೊಪ್ಪಿನ ಸಾರು. ಎಲ್ಲ ಚಾಮರಾಜನಗರದ ಡಾಕ್ಟರ ಕೃಪೆ. ರಕ್ತಪರೀಕ್ಷೆಯ ಚೀಟಿ ನೋಡಿ, "ಪ್ರಾಸ್ಟೇಟ್ ಮೇಲೆ ಕಣ್ಣಿಡಬೇಕು. ನಿಮ್ಮಪ್ಪನಿಗೂ ಅಲ್ಲೇ ಕ್ಯಾನ್ಸರ್ ಆಗಿತ್ತಲ್ವಾ? ಕೊಬ್ಬು ಕಡಿಮೆ ಮಾಡಿ" ಎಂದಿದ್ದರು. ಪಥ್ಯ ಅವನದು, ಎಣ್ಣೆ ಕಾಣದೆ ತಳಹಿಡಿದ ಪಾತ್ರೆ ಉಜ್ಜುವುದು ಹೆಂಡತಿ ಕುಮಾರಿಯದು. (ಈ ಪಾಲು ಅವನ ಕಣ್ಣಿಗೆ ಬಿದ್ದಿರಲಿಲ್ಲ.)

ಅಷ್ಟರಲ್ಲಿ ಹಿರಿಯರ ಹಬ್ಬ ಬಂತು. ಸತ್ತವರಿಗೆ ಪಥ್ಯವಿಲ್ಲ. ಅಪ್ಪ ಮರಿಯಪ್ಪನ ಫೋಟೋ ಮುಂದೆ ಬಾಳೆಲೆ. ಅದರ ಮೇಲೆ ಆತನಿಗೆ ಪ್ರಾಣವಾಗಿದ್ದ ಕುರಿಯ ಕೊಬ್ಬಿನ ತುಂಡುಗಳು. ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯಬೇಕು. ತೆರೆದಾಗ ಪ್ರತಿವರ್ಷವೂ ನಾಲ್ಕು ತುಂಡು ಕಡಿಮೆ. "ಅಪ್ಪ ಉಂಡ್ತು ಕಣ್ಲಾ!" ಎಂದು ಅಕ್ಕ ದೊಡ್ಡಮಾದಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಡುಗೆಮನೆಯ ಪಾತ್ರೆಗೆ ಕುಮಾರಿಯ ಕಾವಲಿತ್ತು. ಎಡೆಗೆ ಯಾರ ಕಾವಲು? ಅಪ್ಪನಿಗಿಂತ ಮೊದಲೇ ಉಣ್ಣುವ ಘನ ಯೋಜನೆ ಹಾಕಿ ಮಾದೇಶ ರಾಗಿ ಮೂಟೆಗಳ ಹಿಂದೆ ಅಡಗಿ ಕುಳಿತ.

ಬಾಗಿಲು ಮುಚ್ಚಿತು. ದೀಪ ನಡುಗಿತು. ಫೋಟೋದೊಳಗೆ ಅಪ್ಪ ಕಣ್ಣು ಮಿಟುಕಿಸಿದಂತಾಯಿತು. ಮಾದೇಶ ಎಲೆಗೆ ಕೈ ಚಾಚಿದ. ಗೋಡೆಯ ಮೇಲೊಂದು ನೆರಳು ಹೆಜ್ಜೆ ಸದ್ದಿಲ್ಲದೆ ಉದ್ದವಾಗತೊಡಗಿತು. ಎಲೆಯ ಆಚೆಯಿಂದ ಇನ್ನೊಂದು ಕೈ ಬಂದು, ತಣ್ಣಗೆ, ಒದ್ದೆಯಾಗಿ ಅವನ ಬೆರಳಿಗೆ ತಗುಲಿತು. ಕೊಬ್ಬಿನ ತುಂಡು ಕತ್ತಲೆಗೆ ಏರಿತು. ಜಗಿಯುವ ಸದ್ದು.

"ಬ್ಯಾಡ ಕಣಪ್ಪೋ!" ಮಾದೇಶ ಪಿಸುಗುಟ್ಟಿದ. "ಕೊಬ್ಬು ತಿನ್ಬ್ಯಾಡ! ಡಾಕ್ಟ್ರು ಬ್ಯಾಡ ಅಂದವ್ರೆ!"

"ಅಂದಿದ್ದು ನಿಮ್ಗೆ ಕಣ್ರೀ" ಎಂದಿತು ಕತ್ತಲೆ. "ನನ್ಗೆ ಪ್ರಾಸ್ಟೇಟೇ ಇಲ್ಲ."

ಅಡುಗೆಮನೆ ಕಡೆಯ ಬಾಗಿಲಿಂದ ಬಂದು, ಪಾತ್ರೆ ತೊಳೆದ ಕೈಯಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು ಕುಮಾರಿ.

"ಅಂದ್ರೆ, ಇಷ್ಟ್ ವರ್ಸ..."

"ಹನ್ನೊಂದು ವರ್ಸ. ಎಲ್ರಿಗೂ ಬಡ್ಸಿ ನಾನು ಕೂರೋ ಒತ್ಗೆ ಪಾತ್ರೇಲಿ ಬರೀ ಮೂಳೆ. ನನ್ಗೂ ಅಂತ ಎಲೇಲಿ ಬುಡ್ತಿದ್ದೋರು ನಿಮ್ಮಪ್ಪ ಒಬ್ರೇ."

ಮಾದೇಶನ ಬಾಯಲ್ಲಿ ನೀರೂರಿತು. "ಒಂದ್ ತುಂಡು ಕೊಡಮ್ಮಿ."

"ಕೊಡ್ತೀನಿ. ಮೊದ್ಲು ನಿಮ್ಮಪ್ಪನ್ ಫೋಟೋ ಪಕ್ಕ ನಿಮ್ ಫೋಟೋಗೂ ಒಂದು ಮೊಳೆ ಹೊಡ್ದು ಬನ್ನಿ."

ಅವನು ತಲೆಯೆತ್ತಿದ. ಫೋಟೋ ಪಕ್ಕ ಖಾಲಿ ಮೊಳೆಯೊಂದು ಆಗಲೇ ಇತ್ತು.

"ಇದ್ಯಾವಾಗ ಹೊಡ್ದೆ?"

"ನಾನಾ? ನಾನೆಲ್ ಹೊಡ್ದೆ?" ಎಂದಳು ಕುಮಾರಿ. ಅವಳೂ ಜಗಿಯುವುದನ್ನು ನಿಲ್ಲಿಸಿದಳು.

ಇಬ್ಬರೂ ಅಡುಗೆಮನೆಗೆ ಜಾರಿಕೊಂಡರು. ಅಕ್ಕ ಬಾಗಿಲು ತೆರೆದು ಕಣ್ಣೊರೆಸಿಕೊಂಡಳು. "ಅಪ್ಪ ಉಂಡ್ತು ಕಣ್ಲಾ! ಹಬ್ಬದ್ ದಿನ ನಿನ್ಗೂ ಎರಡು ತುಂಡು ಹಾಕುಸ್ಲಾ?"

"ಬ್ಯಾಡ ಕಣಕ್ಕ" ಎಂದ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ ಮಾದೇಶ, ಗೋಡೆಯ ಖಾಲಿ ಮೊಳೆಯಿಂದ ಕಣ್ಣು ಕೀಳದೆ. "ಸೊಪ್ಪಿನ್ ಸಾರೇ ಸಾಕು."