ಮೇಬಲ್ ಬಾಯಲ್ಲಿ ಎಮಿಲ್‌ನ ಹೆಬ್ಬೆರಳು

ಎಮಿಲ್ ಕುಚೆರಾ ಮೂವತ್ತೊಂದು ವರ್ಷ ಟಪಾಲು ಹಂಚಿ ನಿವೃತ್ತನಾದವನು. ಅಷ್ಟೂ ವರ್ಷ ಒಂದೇ ಒಂದು ನಾಯಿಯಿಂದಲೂ ಕಚ್ಚಿಸಿಕೊಳ್ಳದ ಪೋಸ್ಟ್‌ಮ್ಯಾನ್ ಅಮೆರಿಕದ ಇಡೀ ನೆಬ್ರಾಸ್ಕಾ ರಾಜ್ಯದಲ್ಲಿ ತಾನೊಬ್ಬನೇ ಎಂಬುದು ಅವನ ವಾದ. ಸರ್ಕಾರ ಇಂಥ ವಿಷಯಕ್ಕೆ ದಾಖಲೆ ಇಡುವುದಿಲ್ಲವಾದ್ದರಿಂದ ಯಾರೂ ಅಲ್ಲಗಳೆಯುವಂತಿರಲಿಲ್ಲ. ಕೇಳಿದವರಿಗೆ, ಕೇಳದವರಿಗೆ ಇನ್ನೂ ಹೆಚ್ಚಾಗಿ, ಅವನು ತನ್ನ ಗುಟ್ಟನ್ನು ಹೇಳುತ್ತಿದ್ದ: "ಊಟ ಹಾಕೋ ಕೈನ ಯಾವ ಪ್ರಾಣೀನೂ ಕಚ್ಚಲ್ಲ ಕಣ್ರೀ."

ಹಾಗಾಗಿ ಪಕ್ಕದ ಮನೆಯ ಹಾರ್ಟ್ವಿಗ್ ಟೀಚರ್ ಸೊಂಟದ ಕೀಲು ಬದಲಿಸಿಕೊಳ್ಳಲು ಲಿಂಕನ್ ಪಟ್ಟಣದ ಆಸ್ಪತ್ರೆಗೆ ಹೊರಟು, "ಆರು ವಾರ ನನ್ನ ಮೇಬಲ್‌ನ ಯಾರು ನೋಡ್ಕೋತಾರೋ" ಎಂದು ಕಣ್ಣು ಒರೆಸಿಕೊಂಡಾಗ, ಎಮಿಲ್ ಎದೆ ತಟ್ಟಿಕೊಂಡು ಮುಂದೆ ಬಂದ.

ಮೇಬಲ್ ಎಂದರೆ ಹಾವು. ನಾಲ್ಕಡಿ ಉದ್ದದ ರಾಜಹಾವು. ಕರಿ ರೇಷ್ಮೆಯ ಮೇಲೆ ಯಾರೋ ಹಳದಿ ಬಣ್ಣದ ಕುಂಚ ಕೊಡವಿದ ಹಾಗಿನ ಮೈ. ವಿಷವಿಲ್ಲ. ಹದಿನಾಲ್ಕು ವರ್ಷದ ಹಿಂದೆ ಟೀಚರ್ ಕೆಲಸ ಬಿಟ್ಟ ದಿನ ಅವರ ಕೊನೆಯ ಕ್ಲಾಸಿನ ಮಕ್ಕಳು ಎರಡು ಗೇಣಿನ ಮರಿಯನ್ನು ಶೂ ಡಬ್ಬಿಯಲ್ಲಿಟ್ಟು ಕೊಟ್ಟಿದ್ದರು. ಗಂಡನಿಲ್ಲದ, ಮಕ್ಕಳಿಲ್ಲದ ಟೀಚರಿಗೆ ಮನೆಯಲ್ಲಿ ಉಸಿರಾಡುವ ಜೀವ ಅದೊಂದೇ.

"ನೋಡು ಎಮಿಲ್," ಎಂದರು ಟೀಚರ್. ಎಮಿಲ್‌ಗೆ ಅರವತ್ತೆರಡಾದರೂ ಅವರ ಕಣ್ಣಿಗೆ ಅವನು ಎಂಟನೇ ಕ್ಲಾಸಿನ ಹಿಂದಿನ ಬೆಂಚಿನವನೇ. "ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ನನ್ನ ತಂಗಿ ಮಗಳು ಅವಳನ್ನ ಯಾರಿಗಾದ್ರೂ ಕೊಟ್ಟುಬಿಡ್ತಾಳೆ. ಹಾವು ಅಂದ್ರೆ ಅವಳಿಗೆ ಆಗಲ್ಲ. ಎಲ್ಲಾ ಈ ಕಾಗದದಲ್ಲಿ ಬರೆದಿದೀನಿ. ಓದು."

"ಖಂಡಿತ ಟೀಚರ್," ಎಂದು ಎಮಿಲ್ ಎರಡು ಪುಟದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅಂಗಿಯ ಜತೆ ಅದು ವಾಷಿಂಗ್ ಮಷೀನಿಗೆ ಹೋಗಿ ಹಿಟ್ಟಾಗಿ ಬಂತು.

ಗಾಜಿನ ತೊಟ್ಟಿ ಹಿಂದಿನ ಕೋಣೆಗೆ ಬಂತು. ಮೇಬಲ್‌ಳ ಊಟ, ಅಂದರೆ ಮಂಜುಗಟ್ಟಿದ ಇಲಿಗಳ ಡಬ್ಬಿ, ಫ್ರಿಜ್ಜಿನಲ್ಲಿ ಬಟಾಣಿಯ ಪಕ್ಕ ಕೂತಿತು. ಹೆಂಡತಿ ಡಾರ್ಲೀನ್ ಊರಿನ ಲೈಬ್ರರಿಯಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುವವಳು, ಕಡಿಮೆ ಮಾತಿನವಳು. ಅವಳು ಫ್ರಿಜ್ಜನ್ನೂ ಗಂಡನನ್ನೂ ಒಮ್ಮೆ ನೋಡಿ, "ಆ ಕೋಣೆಗೆ ನಾನು ಕಾಲಿಡಲ್ಲ. ಇವತ್ತಿಂದ ಬಟಾಣಿನೂ ತಿನ್ನಲ್ಲ" ಎಂದಳು.

"ಒಂದು ವಾರ ಕೊಡು. ಕೊರಳಿಗೆ ಹಾಕ್ಕೊಂಡು ಓಡಾಡ್ತೀನಿ," ಎಂದ ಎಮಿಲ್.

ಅವನ ಯೋಜನೆ ಸರಳವಾಗಿತ್ತು. ನಾಯಿಗೆ ಬಿಸ್ಕತ್ತು ಹೇಗೋ ಹಾವಿಗೆ ಇಲಿ ಹಾಗೆ. ಒಂದು ಇಲಿಯನ್ನು ಬಿಸಿನೀರಲ್ಲಿ ಕರಗಿಸಿ, ಸ್ನೇಹದ ಗುರುತಾಗಿ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ತೊಟ್ಟಿಯೊಳಗೆ ಕೈ ಚಾಚಿದ. ಮೇಬಲ್ ನಾಲಿಗೆ ಆಡಿಸಿದಳು, ಮಿಂಚಿನಂತೆ ಬಂದಳು, ಇಲಿಯನ್ನು ಕಚ್ಚಿಕೊಂಡು ಹೋದಳು. ಎಮಿಲ್ ಹಿಗ್ಗಿಹೋದ.

ಮೂರನೇ ದಿನ ತೊಟ್ಟಿ ತೊಳೆಯಲು ಅವಳನ್ನು ಎತ್ತಬೇಕಾಯಿತು. ಕೈ ಒಳಗೆ ಹೋಯಿತು. ಹೋದಷ್ಟೇ ವೇಗದಲ್ಲಿ ಹೊರಗೆ ಬಂತು. ತೋರುಬೆರಳಿನ ಮೇಲೆ ಎರಡು ಸಾಲು ಸೂಜಿ ಚುಚ್ಚಿದ ಗುರುತು.

"ಏನದು?" ಎಂದಳು ಡಾರ್ಲೀನ್.

"ಪರಿಚಯ ಮಾಡ್ಕೊಂಡ್ಲು."

ಮುಂದಿನ ವಾರ ಇಲಿ ಕೊಟ್ಟ ಕೈಯನ್ನೇ ಮತ್ತೆ ಚಾಚಿದ. ಪರಿಚಯ ಇನ್ನಷ್ಟು ಗಾಢವಾಯಿತು. ತೋಟದ ಗ್ಲೌಸು ಹಾಕಿಕೊಂಡು ಹೋದ. ಗ್ಲೌಸು ಮುಗಿದು ಮಣಿಕಟ್ಟು ಶುರುವಾಗುವ ಕಡೆಯೇ ಹುಡುಕಿ ಹಿಡಿದಳು. ಓವನ್ನಿನಿಂದ ಬಿಸಿ ಪಾತ್ರೆ ಇಳಿಸುವ ದಪ್ಪ ಕೈಗವಸು ತೊಟ್ಟು ಹೋದ. ಅದರ ಬೆರಳಿಲ್ಲದ ಹಿಡಿತಕ್ಕೆ ಹಾವು ಸಿಗಲಿಲ್ಲ, ಹಾವಿಗೆ ಇವನ ಮೊಣಕೈ ಸಿಕ್ಕಿತು. ಭಾನುವಾರ ಚರ್ಚಿನ ಊಟದಲ್ಲಿ ಎಮಿಲ್ ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೊಲಾಚ್ ಸಿಹಿಬನ್ನು ತಿನ್ನುವುದನ್ನು ಇಡೀ ಊರು ನೋಡಿತು.

"ಏನಾಯ್ತು ಎಮಿಲ್?" ಕೇಳಿದ ಕಟುಕನ ಅಂಗಡಿಯ ಸ್ಟಾನ್ಲಿ.

"ಗುಲಾಬಿ ಗಿಡ ಕತ್ತರಿಸ್ತಿದ್ದೆ."

"ನಿಮ್ಮನೇಲಿ ಗುಲಾಬಿ ಎಲ್ಲಿದೆ?"

"ಅದಕ್ಕೇ ಕಷ್ಟ ಆಯ್ತು," ಎಂದುಬಿಟ್ಟ ಎಮಿಲ್. ಡಾರ್ಲೀನ್ ಕಾಫಿ ಕಪ್ಪಿನೊಳಗೆ ಮುಖ ಮುಚ್ಚಿಕೊಂಡಳು.

ಟೀಚರಿಗೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಅವರು ಪ್ರತಿ ಸಂಜೆ ಡಾರ್ಲೀನ್ ಮೊಬೈಲಿಗೆ ಮಾಡುವ ಫೋನಿನಲ್ಲಿ ಮೊದಲು ಕೇಳುತ್ತಿದ್ದುದೇ, "ಮೇಬಲ್ ಹೇಗಿದಾಳೆ?" ಎಂದು. "ನನ್ನ ಕೈ ಬಿಡ್ತಾನೇ ಇಲ್ಲ ಟೀಚರ್," ಎಂದು ಮೊದಲ ದಿನವೇ ಹೇಳಿಯಾಗಿತ್ತು. ಈಗ ಹಿಂದೆ ಸರಿಯುವ ದಾರಿ ಇರಲಿಲ್ಲ.

ನಾಲ್ಕನೇ ವಾರದ ಬುಧವಾರ ಬೆಳಿಗ್ಗೆ ಆ ಮಾತು ನಿಜವಾಯಿತು. ಎಮಿಲ್ ಇಲಿ ಕರಗಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನೀರಿನ ಬಟ್ಟಲು ತೆಗೆಯಲು ಬಗ್ಗಿದ. ಮೇಬಲ್ ಅವನ ಬಲ ಹೆಬ್ಬೆರಳನ್ನು ಬುಡದವರೆಗೆ ಬಾಯಿಗೆ ತೆಗೆದುಕೊಂಡಳು. ಬಿಡಲಿಲ್ಲ. ಮಣಿಕಟ್ಟಿಗೆ ಮೂರು ಸುತ್ತು ಸುತ್ತಿ ಬಿಗಿ ಮಾಡಿ, ಇನ್ನು ಇವನು ಉಸಿರು ನಿಲ್ಲಿಸುವುದೊಂದೇ ಬಾಕಿ ಎಂಬಂತೆ ಕಾಯತೊಡಗಿದಳು.

"ಬಿಡು ಮೇಬಲ್," ಎಂದ ಎಮಿಲ್. "ಬಿಡಮ್ಮ. ನಾನು ಎಮಿಲ್."

ಹಾಗೆ ಹೇಳಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಎಳೆದು ಬಿಡಿಸಿಕೊಳ್ಳಬಹುದಿತ್ತು. ಎಡಗೈ ಅವಳ ಕುತ್ತಿಗೆಯವರೆಗೆ ಹೋಯಿತು ಕೂಡ. ಆದರೆ ಆ ಸಣ್ಣ ದವಡೆ, ಕೂದಲಿನಂಥ ಹಲ್ಲು ನೋಡಿ ಅವನಿಗೆ ಧೈರ್ಯ ಬರಲಿಲ್ಲ. ಮುರಿದರೆ? ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ಟೀಚರಿಗೆ ಏನು ಹೇಳುವುದು? ಟೀಚರ್ ಇರುವ ವಾರ್ಡಿನ ನಂಬರು ಇದ್ದುದು ಡಾರ್ಲೀನ್ ಫೋನಿನಲ್ಲಿ. ಲೈಬ್ರರಿ ಎರಡು ಬೀದಿ ದೂರ. ಕೈಗೆ ಹಾವು, ಹಾವಿಗೆ ಸ್ನಾನದ ಟವೆಲು ಸುತ್ತಿಕೊಂಡು ಎಮಿಲ್ ನಡೆದ.

ಬುಧವಾರ ಹತ್ತು ಗಂಟೆಗೆ ಲೈಬ್ರರಿಯಲ್ಲಿ ಪುಟ್ಟ ಮಕ್ಕಳಿಗೆ ಕಥೆ ಹೇಳುವ ಹೊತ್ತು ಎಂಬುದು ಅವನಿಗೆ ನೆನಪಾದದ್ದು ಬಾಗಿಲು ತಳ್ಳಿದ ಮೇಲೆ. ಕಂಬಳಿಯ ಮೇಲೆ ಹದಿನೆಂಟು ಮಕ್ಕಳು, ಗೋಡೆಯುದ್ದಕ್ಕೂ ಅವರ ತಾಯಂದಿರು, ನಡುವೆ ಡಾರ್ಲೀನ್. ಅದೇ ಹೊತ್ತಿಗೆ ಟವೆಲು ಜಾರಿತು.

ಯಾರೂ ಕಿರುಚಲಿಲ್ಲ. ತಾಯಂದಿರಿಗೆ ಉಸಿರೇ ಹೊರಡಲಿಲ್ಲ, ಮಕ್ಕಳಿಗೆ ಇಷ್ಟು ಒಳ್ಳೆಯ ಕಥೆ ಹಿಂದೆಂದೂ ಸಿಕ್ಕಿರಲಿಲ್ಲ.

"ಅದು ಅವರನ್ನ ಪೂರ್ತಿ ನುಂಗುತ್ತಾ?" ಮುಂದಿನ ಸಾಲಿನ ನಾಲ್ಕು ವರ್ಷದ ಟೆಸ್ಸಾ ಕೇಳಿದಳು.

"ಇಲ್ಲ ಪುಟ್ಟಿ, ಅದರ ಬಾಯಿ ಚಿಕ್ಕದು," ಎಂದಳು ಡಾರ್ಲೀನ್, ಪುಸ್ತಕ ಮುಚ್ಚುತ್ತ.

"ನಿಧಾನಕ್ಕೆ ನುಂಗಿದ್ರೆ?"

ಡಾರ್ಲೀನ್ ಅಷ್ಟರಲ್ಲಿ ನಂಬರು ಒತ್ತಿ, ಎರಡೇ ಮಾತಿನಲ್ಲಿ ಸಂಗತಿ ಹೇಳಿ, ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಟೀಚರ್ ದನಿ ಕ್ಲಾಸಿಗೆ ಕೇಳುವಂತೆ ಕೋಣೆಯಿಡೀ ಕೇಳಿತು.

"ಇಲಿ ಯಾವುದರಲ್ಲಿ ಕೊಡ್ತಿದ್ದೆ, ಎಮಿಲ್?"

"ಕೈಯಲ್ಲಿ, ಟೀಚರ್."

"ಉದ್ದನೆಯ ಚಿಮಟದಲ್ಲಿ ಅಂತ ಬರೆದಿದ್ದೆ. ಕೈ ಸೋಪಲ್ಲಿ ತೊಳ್ಕೊಂಡು ಮುಟ್ಟು ಅಂತ ಬರೆದು ಎರಡು ಗೆರೆ ಎಳೆದಿದ್ದೆ."

"ಕೈಯಲ್ಲಿ ಕೊಟ್ರೆ ಪ್ರೀತಿ ಬೆಳೆಯುತ್ತೆ ಅಂತ..."

"ಬೆಳೆದಿದೆಯಲ್ಲ. ಇಲಿ ವಾಸನೆ ಹತ್ತಿದ ಮೇಲೆ ಅವಳ ಪಾಲಿಗೆ ಅದು ಕೈ ಅಲ್ಲ, ಐದು ಇಲಿ. ಎಂಟನೇ ಕ್ಲಾಸಲ್ಲೂ ನೀನು ಪ್ರಶ್ನೆ ಓದದೇ ಉತ್ತರ ಬರೀತಿದ್ದೆ. ಡಾರ್ಲೀನ್, ಅಲ್ಲಿ ಸ್ಯಾನಿಟೈಸರ್ ಇದೆಯಾ? ಅವಳ ತುಟಿ ಅಂಚಿಗೆ ಒಂದೇ ತೊಟ್ಟು ಮುಟ್ಟಿಸು. ಕಣ್ಣಿಗೆ ತಾಗಬಾರದು."

ಡಾರ್ಲೀನ್ ಮುಟ್ಟಿಸಿದಳು. ಮೇಬಲ್ ಬಾಯಿ ತೆರೆದಳು, ಬಾಯಿರುಚಿ ಕೆಟ್ಟವಳಂತೆ ತಲೆ ಕೊಡವಿದಳು, ಸುತ್ತು ಬಿಚ್ಚಿದಳು. ಎಮಿಲ್‌ನ ಹೆಬ್ಬೆರಳಿನಿಂದ ರಕ್ತ ಇಳಿಯುತ್ತಿತ್ತು. ಹಾವನ್ನು ಯಾರಾದರೂ ಹಿಡಿಯಲೇಬೇಕಿತ್ತು. ನಾಲ್ಕು ವಾರದಿಂದ ಆ ಕೋಣೆಗೆ ಕಾಲಿಡದ ಡಾರ್ಲೀನ್ ಒಂದು ಸಲ ಕಣ್ಣು ಮುಚ್ಚಿ ತೆರೆದು ಎರಡೂ ಕೈ ಚಾಚಿದಳು. ಮೇಬಲ್ ಅವಳ ಸ್ವೆಟರಿನ ತೋಳಿನೊಳಗೆ ತೆವಳಿ, ಕಂಕುಳ ಬಿಸಿಗೆ ತಲೆಯಿಟ್ಟು, ಸುಮ್ಮನಾದಳು.

ಎಮಿಲ್‌ಗೆ ಹೆಬ್ಬೆರಳಿಗಿಂತ ಅದು ಹೆಚ್ಚು ನೋಯಿತು. "ನಿನ್ನ ಯಾಕೆ ಕಚ್ಚಲ್ಲ?" ಎಂದ.

"ನಮ್ಮಿಬ್ಬರ ಮಧ್ಯೆ ಊಟದ ವಿಷಯ ಬಂದಿಲ್ಲ," ಎಂದಳು ಡಾರ್ಲೀನ್.

ಉಳಿದ ವಾರಗಳಲ್ಲಿ ಪಾಠ ಮೊದಲಿನಿಂದ ನಡೆಯಿತು. ಊಟಕ್ಕೆ ಚಿಮಟ. ಎತ್ತುವ ಮುಂಚೆ ಕೈಗೆ ಎರಡು ಸಲ ಸೋಪು. ಇದು ಊಟದ ಹೊತ್ತಲ್ಲ ಎಂದು ತಿಳಿಸಲು, ರಟ್ಟಿನ ಕೊಳವೆಯಿಂದ ಬೆನ್ನಿಗೆ ಮೆಲ್ಲನೆ ಒಂದು ತಟ್ಟು. ಟೀಚರ್ ಬರುವ ಹಿಂದಿನ ದಿನ ಎಮಿಲ್ ಸೋಫಾದ ಮೇಲೆ ಕೂತ, ಡಾರ್ಲೀನ್ ಗಡಿಯಾರ ಹಿಡಿದಳು, ಮೇಬಲ್ ಅವನ ಗಾಯದ ಬೆರಳುಗಳ ನಡುವೆ ನೀರಿನ ಹಾಗೆ ಹರಿದಾಡಿದಳು. ನಾಲ್ಕು ನಿಮಿಷ. ಎಮಿಲ್ ಉಸಿರು ಬಿಡದೆ ಕೂತಿದ್ದ. ಅವನ ಕಣ್ಣು ಒದ್ದೆಯಾಗಿದ್ದನ್ನು ಡಾರ್ಲೀನ್ ನೋಡಿದಳು.

ಟೀಚರ್ ವಾಕರ್ ಹಿಡಿದು ಬಂದು ಮೊದಲು ಮೇಬಲ್‌ಳ ಬಾಯಿ ಪರೀಕ್ಷಿಸಿದರು, ಆಮೇಲೆ ಎಮಿಲ್‌ನ ಕೈ.

"ಎಳೆದು ಬಿಡಿಸ್ಕೊಳ್ಳಲಿಲ್ವಂತೆ."

"ಹಲ್ಲು ಮುರಿಯುತ್ತೇನೋ ಅನ್ನಿಸ್ತು ಟೀಚರ್."

"ಒಂದು ಉತ್ತರವಾದ್ರೂ ಸರಿ ಬರೆದೆ," ಎಂದು ಅವನ ಬೆನ್ನು ತಟ್ಟಿದರು.

ತಿಂಗಳಾದ ಮೇಲೆ ಡಾರ್ಲೀನ್ ಟೀಚರನ್ನೂ ಮೇಬಲ್‌ಳನ್ನೂ ಬುಧವಾರದ ಕಥೆಯ ಹೊತ್ತಿಗೆ ಕರೆದಳು. ಅವತ್ತು ಲೈಬ್ರರಿಯಲ್ಲಿ ಕಾಲಿಡಲು ಜಾಗವಿಲ್ಲ. ಎಮಿಲ್ ಯಾರ ಕಣ್ಣಿಗೂ ಬೀಳದಂತೆ ಕೊನೆಯ ಸಾಲಿನಲ್ಲಿ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಕೂತ. ಮುಂದೆ ಟೀಚರ್ ಹಾವು ಎತ್ತಿ ತೋರಿಸುತ್ತಿದ್ದರೂ ಟೆಸ್ಸಾ ಹಿಂದಕ್ಕೆ ತಿರುಗಿ ತಿರುಗಿ ಇವನನ್ನೇ ನೋಡುತ್ತಿದ್ದಳು. ಕೊನೆಗೆ ಎದ್ದು ಬಂದು, ಇವನ ಮೊಣಕಾಲಿನ ಹತ್ತಿರ ನಿಂತು, ಇಡೀ ಕೋಣೆಗೆ ಕೇಳುವಂತೆ ಕೇಳಿದಳು:

"ತಾತ, ಇವತ್ತು ನೀವು ಇಲಿ ಆಗಲ್ವಾ?"

ಎಲ್ಲರೂ ತಿರುಗಿ ನೋಡಿದರು. ಎಮಿಲ್ ಜೇಬಿನಿಂದ ನಿಧಾನವಾಗಿ ಕೈ ತೆಗೆದು ಅವಳ ಕೆನ್ನೆ ಸವರಿದ.

"ಇಲ್ಲ ಮರಿ," ಎಂದ. "ಇವತ್ತು ನಂಗೆ ರಜ."