ಡ್ರಮ್ಸ್ ಪ್ಯಾಡಿಗೆ ಬಿಸಿಲು ತೋರಿಸಿದ್ದು

ಮೊಮ್ಮಗಳು ಕೆಲಸ ಮಾಡುವಾಗ ಪಕ್ಕದಲ್ಲಿ ಸುಮ್ಮನೆ ಕೂರುವ ತಾತಂದಿರು ಎಲ್ಲಾದರೂ ಇರಬಹುದು. ನಮ್ಮ ಮಾಲೂರಿನಲ್ಲಿ ನಾನಂತೂ ಕಂಡಿಲ್ಲ. ನನ್ನ ಮೊಮ್ಮಗಳು ಭವ್ಯ ಆರ್ಕೆಸ್ಟ್ರಾದಲ್ಲಿ ಕರೆಂಟಿನ ಡ್ರಮ್ಸ್ ಬಾರಿಸುತ್ತಾಳೆ. ಇದನ್ನು ಹೇಳುವಾಗ ನನ್ನ ಎದೆ ಉಬ್ಬಿ ಉಬ್ಬಿ, ಅಂಗಿ ಗುಂಡಿ ಹೊಲಿಯುವುದು ನಮ್ಮವಳಿಗೆ ಸಾಕಾಗಿದೆ.

ಕೆಲವು ತಿಂಗಳ ಹಿಂದೆ ಮುಳಬಾಗಿಲಿನಲ್ಲಿ ಒಂದು ಮದುವೆ ರಿಸೆಪ್ಷನ್. ಗಂಡಿನ ಕಡೆಯವರು ತಮಟೆ ಏಟೂ ಬೇಕೆಂದಿದ್ದರು. ಅದಕ್ಕೆಂದೇ ಭವ್ಯ ಕೋಲಿನಿಂದ ಬಾರಿಸುವ ಎರಡು ಹೊಸ ಪ್ಯಾಡು ತಂದಳು. ಆದರೆ ಡ್ರಮ್ಸಿನ ಮಷೀನಿನಲ್ಲಿ ವೈರು ಸಿಕ್ಕಿಸಲು ಉಳಿದಿದ್ದದ್ದು ಒಂದೇ ತೂತು. ಕವಲೊಡೆದ ವೈರು ಹಾಕಿ ಎರಡನ್ನೂ ಅದಕ್ಕೇ ಸಿಕ್ಕಿಸಿದಳು. ಒಂದು ಪ್ಯಾಡು ಥೇಟ್ ತಮಟೆಯ ಹಾಗೆ ಗುಡುಗಿತು. ಇನ್ನೊಂದು ಪ್ಯಾಡು, ಹೆಣ್ಣು ನೋಡಲು ಬಂದವರ ಮುಂದೆ ಕೂರಿಸಿದ ಹುಡುಗಿಯ ಹಾಗೆ ತುಟಿ ಬಿಚ್ಚಲಿಲ್ಲ. ಮಧ್ಯಾಹ್ನಕ್ಕೆ ವ್ಯಾನು ಬರುತ್ತದೆ, ಭವ್ಯಳ ಕಣ್ಣಲ್ಲಿ ಆಗಲೇ ನೀರು.

ನಾನು ವಯಸ್ಸಿನಲ್ಲಿ ತಮಟೆ ಬಡಿದವನು. ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸದಿದ್ದರೆ ತಮಟೆ ಬಾಯಿ ಬಿಡುವುದಿಲ್ಲ. ನಾನು ಓದಿದ್ದು ಕಡಿಮೆ, ಇರುವ ವಿದ್ಯೆ ಇದೊಂದೇ, ಕೇಳದಿದ್ದರೂ ಹೇಳಿದೆ.

"ತಾತಾ, ಅದು ಚರ್ಮ ಅಲ್ಲ, ರಬ್ಬರು" ಎಂದಳು.

"ಯಾವ್ದಾದ್ರೇನಮ್ಮ, ತಣ್ಣಗಿದ್ರೆ ಹೆಂಗ್ ಮಾತಾಡ್ತದೆ?"

ಬೆಂಕಿ ಮಾತ್ರ ಬೇಡ, ಬೇಕಾದರೆ ಬಿಸಿಲಿಗೆ ಹಿಡಿ ಎಂದು ಮೂಕ ಪ್ಯಾಡನ್ನು ಕಿತ್ತು ನನ್ನ ಕೈಗಿಟ್ಟಳು. ಮಹಡಿಯ ಮೇಲೆ ನಿಂತು ಹಪ್ಪಳ ಒಣಗಿಸುವವನಂತೆ ಅದನ್ನು ತಿರುವಿದೆ. ಅವಳು ಕೂಗಿದಾಗ ಇಳಿದು ಬಂದೆ. ವೈರು ಸಿಕ್ಕಿಸಿ ಒಂದು ಏಟು ಹಾಕಿದಳು. ಅಬ್ಬಾ, ಗೋಡೆ ಅದುರಿತು. ನನ್ನ ಮಂಡಿನೋವು ಎಲ್ಲಿ ಹೋಯಿತೋ, ನಡುಮನೆಯಲ್ಲೇ ಎರಡು ಹೆಜ್ಜೆ ಕುಣಿದುಬಿಟ್ಟೆ. ವ್ಯಾನು ಹತ್ತಿ ನಾನೂ ಹೋದೆ. ಮುಳಬಾಗಿಲಿನಲ್ಲಿ ಗಂಡಿನ ಕಡೆಯ ಮುದುಕರೂ ಎದ್ದು ಕುಣಿದರು. ಬಾರಿಸುತ್ತಿರುವುದು ಯಾರೆಂದು ಒಬ್ಬರು ಕೇಳಿದರು. ನನ್ನ ಮೊಮ್ಮಗಳು ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ಕಾಯಿಸಿದ್ದು ನಾನು ಎಂದೂ ಸೇರಿಸಿದೆ.

ವಾಪಸು ಬರುವಾಗ ವ್ಯಾನಿನಲ್ಲಿ ಭವ್ಯ ಗೆಳತಿಗೆ ಹೇಳುತ್ತಿದ್ದಳು: ಆ ತೂತಿನಲ್ಲಿ ಎರಡು ಪ್ಯಾಡುಗಳಿವೆ ಎಂದು ಮಷೀನಿನ ಸೆಟಿಂಗಿನಲ್ಲಿ ಹಾಕುವುದೇ ಮರೆತುಹೋಗಿತ್ತಂತೆ, ತಾತ ಮಹಡಿ ಹತ್ತಿದ ಮೇಲೆ ನೆನಪಾಗಿ ಸರಿಮಾಡಿದಳಂತೆ. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ.

ಈಗ ಪ್ರತಿ ಪ್ರೋಗ್ರಾಮಿಗೂ ಮೊದಲು, "ತಾತಾ, ಇದನ್ನ ಸ್ವಲ್ಪ ಬಿಸಿಲಿಗೆ ಹಿಡ್ಕೊಂಡ್ ಬಾ" ಎಂದು ಒಂದು ಪ್ಯಾಡು ಕೊಡುತ್ತಾಳೆ. ಯಾಕೆ ಕೊಡುತ್ತಾಳೆಂದು ತಿಳಿಯದಷ್ಟು ದಡ್ಡನಲ್ಲ ನಾನು. ಆದರೂ ಎರಡೂ ಕಡೆ ಚೆನ್ನಾಗಿ ತಿರುವಿಯೇ ಇಳಿಯುತ್ತೇನೆ. ಅರೆಬರೆ ಕಾಯಿಸಿ ಕೊಟ್ಟರೆ ಹೆಸರು ಕೆಡುವುದು ನನ್ನದೇ ತಾನೆ.